ಜಿಗಿತದ ಸಲಕರಣೆ: ಹಳೆಯ ಕಡತದ ಕೆಲವು ಪುಟಗಳು

ಯುಗಾದಿಯ ನಂತರ ನಡೆದ ನಮ್ಮ ಸಂಘದ ಸಭೆಯಲ್ಲಿ ತರುಣ ವಿಭಾಗದ ಹುಡುಗ ಹುಡುಗಿಯರು ಒಂದು ಪಟ್ಟಿಯನ್ನು ಮುಂದಿಟ್ಟರು. ನೆರೆಯ ಸಂಘಗಳೊಡನೆ ನಡೆಯುವ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಅವರು ಸತತವಾಗಿ ಎರಡು ವರ್ಷ ಮೊದಲ ಸುತ್ತಿನಲ್ಲೇ ಸೋತು ಬಂದಿದ್ದರು. ಎದುರಾಳಿಗಳು ತಮಗಿಂತ ಎತ್ತರಕ್ಕೆ ಜಿಗಿಯುತ್ತಾರೆ, ತಮಗಿಂತ ಬೇಗ ಓಡುತ್ತಾರೆ, ಅವರಲ್ಲಿ ಸಲಕರಣೆಗಳಿವೆ, ನಮ್ಮಲ್ಲಿಲ್ಲ ಎಂಬುದು ಅವರ ವಾದ. ಪಟ್ಟಿಯಲ್ಲಿದ್ದವು ಇವು: ಕಣಕಾಲಿಗೆ ಕಟ್ಟುವ ತೂಕದ ಪಟ್ಟಿಗಳು, ಮುಂಗಾಲಿನ ಅಡಿಯಲ್ಲಿ ಮಾತ್ರ ದಪ್ಪ ಅಟ್ಟೆಯಿರುವ ಬೂಟುಗಳು, ಬೆನ್ನಿಗೆ ಕಟ್ಟಿಕೊಂಡು ಓಡುವ ಪುಟ್ಟ ಪ್ಯಾರಾಚೂಟು, ಸೊಂಟಕ್ಕೆ ಕಟ್ಟಿ ಎಳೆಯುವ ರಬ್ಬರು ಹಗ್ಗ, ಹತ್ತಿ ಧುಮುಕುವ ಪೆಟ್ಟಿಗೆಗಳು. ಒಟ್ಟು ಬೆಲೆ ನಮ್ಮ ಕ್ರೀಡಾನಿಧಿಯ ಎರಡು ವರ್ಷಗಳ ಮೊತ್ತಕ್ಕೆ ಸಮನಾಗಿತ್ತು. ಆರಿಸುವ ಹೊಣೆಯನ್ನು ಸಭೆ ನಮ್ಮ ಕ್ರೀಡಾ ಉಪಸಮಿತಿಗೆ ವಹಿಸಿತು.

ಈ ವಿಷಯದಲ್ಲಿ ನಾವು ಹಿಂದೊಮ್ಮೆ ಎಡವಿದವರು. ಆರು ವರ್ಷಗಳ ಹಿಂದೆ ಯಾರೋ ಹೇಳಿದರೆಂದು ಒಂದೊಂದು ಕಿಲೋ ತೂಕದ ಮರಳಿನ ಕಾಲುಪಟ್ಟಿಗಳನ್ನು ಡಜನುಗಟ್ಟಲೆ ಕೊಂಡು ಮಕ್ಕಳಿಗೆ ಹಂಚಿದೆವು. ಸಂಘದ ಹಿಂದಿನ ಸಿಮೆಂಟು ಅಂಗಳದಲ್ಲಿ ಎರಡು ತಿಂಗಳು ಅವನ್ನು ಕಟ್ಟಿಕೊಂಡು ಅವರು ಕುಣಿದಾಡಿದರು. ಮೂರನೆಯ ತಿಂಗಳು ಹದಿಮೂರು ವರ್ಷದ ಒಬ್ಬ ಹುಡುಗ ಮಹಡಿಯ ಮೆಟ್ಟಿಲು ಇಳಿಯಲಾರದೆ ಕುಳಿತುಬಿಟ್ಟ. ಮೊಣಕಾಲ ಚಿಪ್ಪಿನ ಕೆಳಗೆ ಬುಗುಟು ಎದ್ದಿತ್ತು. ಡಾಕ್ಟರು ಅದಕ್ಕೆ ಆಸ್‌ಗುಡ್-ಶ್ಲಾಟರ್ ಎಂಬ ಹೆಸರು ಹೇಳಿ ಆಟ ನಿಲ್ಲಿಸಿದರು. ಹುಡುಗನ ತಾಯಿ ಸಂಘಕ್ಕೆ ಬಂದು ಕೇಳಿದ್ದು ಒಂದೇ ಮಾತು: “ನೀವೆಲ್ಲ ಓದಿದೋರು. ಇದನ್ನ ಕೊಳ್ಳೋ ಮೊದಲು ಯಾರನ್ನಾದ್ರೂ ವಿಚಾರಿಸಿದ್ರಾ?” ನಾವು ವಿಚಾರಿಸಿರಲಿಲ್ಲ.

ಕಚೇರಿಯಲ್ಲಿ ಒಂದು ಮರದ ಕುರ್ಚಿ ಕೊಳ್ಳಬೇಕಾದರೂ ಮೂರು ದರಪಟ್ಟಿ ತರಿಸಿ, ಹಳೆಯ ಕಡತ ತೆಗೆಸಿ, ಪೂರ್ವನಿದರ್ಶನ ನೋಡಿ ಷರಾ ಬರೆಯುವುದು ನಮ್ಮಂಥ ಗುಮಾಸ್ತರ ಅಭ್ಯಾಸ. ಮಕ್ಕಳ ಕಾಲಿನ ವಿಷಯದಲ್ಲಿ ಆ ಅಭ್ಯಾಸವನ್ನು ಮರೆತಿದ್ದೆವು. ಈ ಸಲ ಮರೆಯಬಾರದೆಂದು ಜಿಗಿತ ಮತ್ತು ವೇಗದ ಸಲಕರಣೆಗಳ ಹಳೆಯ ಕಡತವನ್ನೇ ತೆರೆದೆವು. ಅದು ಎರಡೂವರೆ ಸಾವಿರ ವರ್ಷಗಳಿಗೂ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಕಂಡದ್ದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಗ್ರೀಕರ ಕೈಭಾರ

ಜಿಗಿತಕ್ಕೆಂದೇ ಮನುಷ್ಯ ಮಾಡಿಕೊಂಡ ಅತಿ ಹಳೆಯ ಸಲಕರಣೆಗಳಲ್ಲಿ ನಮಗೆ ಚೆನ್ನಾಗಿ ಗೊತ್ತಿರುವುದು ಪ್ರಾಚೀನ ಗ್ರೀಕರ ಹಾಲ್ಟೆರೆಸ್. ಕ್ರಿಸ್ತಪೂರ್ವ 708ರಲ್ಲಿ ಒಲಿಂಪಿಕ್ ಕೂಟಕ್ಕೆ ಪಂಚಕ್ರೀಡೆ ಸೇರಿತೆಂದು ಸಂಪ್ರದಾಯ ಹೇಳುತ್ತದೆ. ಓಟ, ಚಕ್ರ ಎಸೆತ, ಭರ್ಜಿ ಎಸೆತ ಮತ್ತು ಕುಸ್ತಿಯ ಜೊತೆಗೆ ಉದ್ದ ಜಿಗಿತವೂ ಅದರ ಅಂಗವಾಗಿತ್ತು. ಜಿಗಿಯುವವನು ಎರಡು ಕೈಗಳಲ್ಲಿಯೂ ಕಲ್ಲಿನ ಇಲ್ಲವೆ ಸೀಸದ ಹಿಡಿಭಾರ ಹಿಡಿಯುತ್ತಿದ್ದ. ನೆಗೆಯುವಾಗ ಅವನ್ನು ಮುಂದಕ್ಕೆ ಬೀಸಿ, ನೆಲ ಮುಟ್ಟುವ ಮುನ್ನ ಹಿಂದಕ್ಕೆ ತಳ್ಳುತ್ತಿದ್ದ. ಲಯ ತಪ್ಪದಿರಲೆಂದು ಪಕ್ಕದಲ್ಲಿ ಕೊಳಲಿನಂಥ ವಾದ್ಯ ನುಡಿಸುತ್ತಿದ್ದರು. ಗ್ರೀಕರ ಚಿತ್ರಿತ ಮಡಕೆಗಳ ಮೇಲೆ ಈ ದೃಶ್ಯಗಳು ಇಂದಿಗೂ ಕಾಣಸಿಗುತ್ತವೆ.

ಕೈಯಲ್ಲಿ ಭಾರ ಹಿಡಿದವನು ಹೆಚ್ಚು ದೂರ ಜಿಗಿದಾನೆಯೆ ಎಂದು ಯಾರಿಗಾದರೂ ಸಂದೇಹ ಬರುವುದು ಸಹಜ. 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪರೀಕ್ಷಿಸಿತು. ಒಂದೊಂದು ಕೈಯಲ್ಲಿ ಸುಮಾರು 3 ಕಿಲೋ ಭಾರ ಹಿಡಿದು ನಿಂತಲ್ಲಿಂದ ಜಿಗಿದರೆ, 3 ಮೀಟರಿನ ನೆಗೆತ 17 ಸೆಂಟಿಮೀಟರಿನಷ್ಟಾದರೂ ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. ಭಾರವನ್ನು ಬೀಸುವುದರಿಂದ ತೋಳು ಭುಜಗಳ ಶಕ್ತಿಯೂ ಕಾಲಿನ ಶಕ್ತಿಯೊಡನೆ ಸೇರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಗ್ರೀಕರ ಭಾರ ಜಿಗಿತದ ಕ್ಷಣದಲ್ಲಿಯೇ ಕೆಲಸ ಮಾಡಿತು, ಅದೂ ಕೈಯಲ್ಲಿದ್ದುದರಿಂದ. ಅದನ್ನು ಕಾಲಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗಿ, ಆಮೇಲೆ ಬಿಚ್ಚಿದರೆ ಹಕ್ಕಿಯಂತಾಗುತ್ತೇವೆಂದು ಅವರು ನಂಬಿದ್ದು ನಮಗೆ ಕಂಡುಬರಲಿಲ್ಲ. ಕಾಲುಪಟ್ಟಿ ಬಿಚ್ಚಿದೊಡನೆ ಮೈ ಹಗುರವಾದಂತೆ ತೋರುವುದು ನಿಜ. ತಲೆಯ ಮೇಲಿನ ಅಕ್ಕಿಮೂಟೆ ಇಳಿಸಿದವನಿಗೂ ಹಾಗೆಯೇ ತೋರುತ್ತದೆ. ಹಾಗೆಂದು ಅವನು ಎತ್ತರಕ್ಕೆ ಜಿಗಿದಾನೆಂದು ಯಾರೂ ಹೇಳುವುದಿಲ್ಲ.

ಹತ್ತು ಅಡಿಯ ಬುಟ್ಟಿ

ಇನ್ನು ನಮ್ಮ ಮಕ್ಕಳ ಆಟಕ್ಕೆ ಬರೋಣ. 1891ರ ಡಿಸೆಂಬರಿನಲ್ಲಿ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರಿಗೆ ಒಂದು ತಲೆನೋವು ಎದುರಾಯಿತು. ಹೊರಗೆ ಹಿಮ, ಒಳಗೆ ಕವಾಯತಿನಿಂದ ಬೇಸತ್ತ ಹದಿನೆಂಟು ವಿದ್ಯಾರ್ಥಿಗಳು. ಅವರಿಗಾಗಿ ನೈಸ್ಮಿತ್ ಹದಿಮೂರು ನಿಯಮಗಳ ಹೊಸ ಆಟ ಕಟ್ಟಿದರು. ಗುರಿಗೆ ಪೆಟ್ಟಿಗೆ ಬೇಕಾಗಿತ್ತು. ಸಿಕ್ಕಿದ್ದು ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳು. ಅವನ್ನು ವ್ಯಾಯಾಮಶಾಲೆಯ ಮೇಲಟ್ಟದ ಕಟಕಟೆಗೆ ಮೊಳೆ ಹೊಡೆದು ತೂಗುಹಾಕಿದರು. ಚೆಂಡು ಕಾಲ್ಚೆಂಡಿನದು.

ಆ ಕಟಕಟೆಯ ಎತ್ತರ 10 ಅಡಿ ಇತ್ತು. ಇಂದಿಗೂ ಬ್ಯಾಸ್ಕೆಟ್‌ಬಾಲಿನ ಉಂಗುರ 10 ಅಡಿ, ಅಂದರೆ 3.05 ಮೀಟರ್ ಎತ್ತರದಲ್ಲಿಯೇ ಇದೆ. ಯಾವ ವಿಜ್ಞಾನಿಯೂ ಲೆಕ್ಕಹಾಕಿ ಗೊತ್ತುಮಾಡಿದ ಎತ್ತರವಲ್ಲ ಅದು. ಬಡಗಿ ಕಟ್ಟಿದ ಕಟಕಟೆಯ ಎತ್ತರ. ಜಿಗಿತ ಹೆಚ್ಚಿಸುತ್ತೇವೆಂದು ಹೇಳುವ ಇಂದಿನ ವ್ಯಾಪಾರದ ಬಹುಪಾಲು ಆ ಒಂದು ಕಟಕಟೆಯನ್ನು ಮುಟ್ಟುವ ಆಸೆಯ ಮೇಲೆ ನಿಂತಿದೆಯೆಂದರೆ ತಪ್ಪಾಗದು.

ಮರುವರ್ಷವೇ, 1892ರಲ್ಲಿ, ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಕಿ ಸ್ಮಿತ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೂ ಈ ಆಟ ಕಲಿಸಿದರು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸಿಗೆ ಪುರುಷರ ಬ್ಯಾಸ್ಕೆಟ್‌ಬಾಲ್ ಬಂದಿತು. ಅಂತಿಮ ಪಂದ್ಯ ನಡೆದದ್ದು ಬಯಲಿನ ಮಣ್ಣಿನ ಅಂಗಳದಲ್ಲಿ, ಸುರಿಯುವ ಮಳೆಯಲ್ಲಿ. ಚೆಂಡು ಪುಟಿಯದೆ ಹೋಗಿ ಅಮೆರಿಕ ಕೆನಡಾವನ್ನು 19-8ರಿಂದ ಗೆದ್ದಿತು. ಅಂಗಳವೂ ಒಂದು ಸಲಕರಣೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪಂದ್ಯ ಇನ್ನೊಂದಿಲ್ಲ. ಮಹಿಳೆಯರ ಆಟ ಒಲಿಂಪಿಕ್ಸಿಗೆ ಸೇರಲು 1976ರ ಮಾಂಟ್ರಿಯಲ್ ಕೂಟದವರೆಗೆ ಕಾಯಬೇಕಾಯಿತು.

ನಮ್ಮ ದೇಶಕ್ಕೂ ಈ ಆಟ ವೈ.ಎಂ.ಸಿ.ಎ. ದಾರಿಯಲ್ಲಿಯೇ ಬಂದಿತು. ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದರು. ದಕ್ಷಿಣ ಭಾರತದ ಎಷ್ಟೋ ಡ್ರಿಲ್ ಮಾಸ್ತರರು ಅಲ್ಲಿ ತಯಾರಾದವರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. 1950ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಶನ್ ಸ್ಥಾಪನೆಯಾಯಿತು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ನಮ್ಮ ಪುರುಷರ ತಂಡ ಆಡಿತು. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಏಷ್ಯಾ ಕಪ್ಪಿನಲ್ಲಿ ಭಾರತದ ಹೆಣ್ಣುಮಕ್ಕಳು ಬಿ ವಿಭಾಗವನ್ನು ಗೆದ್ದು ಎ ವಿಭಾಗಕ್ಕೇರಿದರು. ಪಟ್ಟಿ ತಂದ ನಮ್ಮ ಹುಡುಗಿಯರಿಗೆ ಈ ಸಂಗತಿ ಬಾಯಿಪಾಠವಾಗಿದೆ.

ಗೋಡೆ ಮತ್ತು ಸೀಮೆಸುಣ್ಣ

ಯಾವ ಸಲಕರಣೆಯಿಂದ ಎಷ್ಟು ಫಲ ಎಂದು ತಿಳಿಯಬೇಕಾದರೆ ಮೊದಲು ಅಳತೆ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಮನ್‌ವೇ ವ್ಯಾಯಾಮಶಾಲೆಯನ್ನು 1879ರಿಂದ ನಡೆಸಿದ ಡಡ್ಲಿ ಸಾರ್ಜೆಂಟ್ ಎಂಬ ವೈದ್ಯರು ರಾಟೆ, ಹಗ್ಗ ಮತ್ತು ತೂಕಗಳಿಂದ ಬಗೆಬಗೆಯ ವ್ಯಾಯಾಮ ಯಂತ್ರಗಳನ್ನು ಮಾಡಿಸಿದವರು. ಅಂಥವರು 1921ರಲ್ಲಿ ಮನುಷ್ಯನ ದೇಹಬಲ ಅಳೆಯಲು ಸೂಚಿಸಿದ ಪರೀಕ್ಷೆ ತೀರ ಸರಳವಾದುದು: ನಿಂತಲ್ಲಿಂದ ನೇರ ಮೇಲಕ್ಕೆ ಜಿಗಿ. ಇಂದಿಗೂ ಅದು ಸಾರ್ಜೆಂಟ್ ಜಿಗಿತ ಎಂದೇ ಪ್ರಸಿದ್ಧ.

ಇಂದು ಅದನ್ನು ಮಾಡುವ ರೂಢಿಯ ಕ್ರಮ ಹೀಗಿದೆ. ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಯ ಪಕ್ಕದಲ್ಲಿ ನಿಂತು ಕೈ ಎತ್ತಿ ಒಂದು ಗುರುತು, ಜಿಗಿದು ಇನ್ನೊಂದು ಗುರುತು. ನಡುವಿನ ಅಂತರವೇ ಜಿಗಿತ. ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರ ಪೂರ್ತಿ ಮರೆತಿಲ್ಲವಾದ್ದರಿಂದ ನಾವೂ ಲೆಕ್ಕಹಾಕಿ ನೋಡಿದೆವು. 60 ಸೆಂಟಿಮೀಟರ್ ಜಿಗಿದವನು ಗಾಳಿಯಲ್ಲಿರುವುದು ಹೆಚ್ಚುಕಡಿಮೆ 0.7 ಸೆಕೆಂಡು. ಗಾಳಿಯಲ್ಲಿ ನಿಂತೇಬಿಟ್ಟ ಎಂದು ನಾವು ಬೆರಗಾಗುವ ಆಟಗಾರ ಕೂಡ ಒಂದು ಸೆಕೆಂಡಿನೊಳಗೇ ನೆಲಕ್ಕಿಳಿದಿರುತ್ತಾನೆ.

ಈ ಸಲಕರಣೆಗೆ ಬೆಲೆಯೆಂಬುದಿಲ್ಲ. ಆದರೆ ಸುಳ್ಳು ಬಯಲಿಗೆಳೆಯುವುದರಲ್ಲಿ ಇದಕ್ಕಿಂತ ಮಿಗಿಲಾದುದಿಲ್ಲ. ಆರು ವರ್ಷಗಳ ಹಿಂದೆ ಕಾಲುಪಟ್ಟಿ ಹಂಚುವ ಮೊದಲು ಗೋಡೆಯ ಮೇಲೆ ಒಂದು ಗೆರೆ ಎಳೆದಿದ್ದರೆ, ತಿಂಗಳ ಕೊನೆಗೆ ಅದರಿಂದ ಏನಾಯಿತು, ಏನಾಗಲಿಲ್ಲ ಎಂದು ನಮಗೆ ತಿಳಿಯುತ್ತಿತ್ತು.

ಕರಣೆಯಿಂದ ತೋಡಿದ ಗುಳಿ

ವೇಗದ ಕಥೆಯೂ ಸ್ವಾರಸ್ಯವಾಗಿದೆ. ಹಿಂದೆ ಓಟಗಾರರು ಹೊರಡುವ ಗೆರೆಯ ಹಿಂದೆ ಕಾಲೂರಲು ನೆಲದಲ್ಲಿ ಗುಳಿ ತೋಡಿಕೊಳ್ಳುತ್ತಿದ್ದರು. 1936ರಲ್ಲಿ ಬರ್ಲಿನಿನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಕೂಡ ಪುಟ್ಟ ಕರಣೆಯಿಂದ ಗುಳಿ ತೋಡಿಕೊಂಡವರೇ. ಆ ವೇಳೆಗಾಗಲೆ ಅಮೆರಿಕದ ಜಾರ್ಜ್ ಬ್ರೆಸ್ನಹನ್ ಎಂಬ ತರಬೇತುದಾರರು ಕಾಲಿಗೆ ಆನಿಕೆ ಕೊಡುವ ಸ್ಟಾರ್ಟಿಂಗ್ ಬ್ಲಾಕ್ ರೂಪಿಸಿದ್ದರು. 1929ರಲ್ಲಿ ಅದನ್ನು ಬಳಸಿ ಜಾರ್ಜ್ ಸಿಂಪ್ಸನ್ 100 ಗಜಗಳನ್ನು 9.4 ಸೆಕೆಂಡಿನಲ್ಲಿ ಓಡಿದರು. ಬ್ಲಾಕ್ ಬಳಸಿದರೆಂಬ ಕಾರಣಕ್ಕೆ ಆ ದಾಖಲೆಗೆ ಮಾನ್ಯತೆ ಸಿಗಲಿಲ್ಲ. ಒಲಿಂಪಿಕ್ಸಿಗೆ ಬ್ಲಾಕ್ ಬಂದದ್ದು 1948ರ ಲಂಡನ್ ಕೂಟದಲ್ಲಿ.

ಬ್ಲಾಕ್ ಯಾರ ಕಾಲಿಗೂ ಹೊಸ ಬಲ ಕೊಡುವುದಿಲ್ಲ. ಇರುವ ಬಲ ಜಾರಿಹೋಗದಂತೆ ಹಿಡಿದುಕೊಡುತ್ತದೆ, ಅಷ್ಟೆ. ಆದರೆ ನಮ್ಮ ಆಟದಲ್ಲಿ ಅದಕ್ಕೆ ಜಾಗವಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಗಳದ ಉದ್ದ 28 ಮೀಟರ್, ಅಗಲ 15 ಮೀಟರ್. ಅಲ್ಲಿ ಯಾರೂ ನೂರು ಮೀಟರ್ ನೇರವಾಗಿ ಓಡುವುದಿಲ್ಲ. ಐದಾರು ಹೆಜ್ಜೆ ಮುನ್ನುಗ್ಗಿ, ತಟಕ್ಕನೆ ನಿಂತು, ತಿರುಗಿ ಮತ್ತೆ ಹೊರಡುವುದೇ ಅಲ್ಲಿಯ ವೇಗ. ಬ್ಲಾಕ್ ಓಟಗಾರನಿಗೆ ಮಾಡಿಕೊಟ್ಟ ಕೆಲಸವನ್ನು ನಮ್ಮ ಮಕ್ಕಳಿಗೆ ಮಾಡಿಕೊಡಬೇಕಾದದ್ದು ಜಾರದ ಅಟ್ಟೆಯ ಬೂಟು, ಒದ್ದೆಯಾಗದ ನೆಲ. ನಿಂತು ತಿರುಗುವುದನ್ನು ಕಲಿಸಲು ನೆಲದ ಮೇಲಿಟ್ಟ ನಾಲ್ಕು ಪ್ಲಾಸ್ಟಿಕ್ ಗುರುತುಗಳು ಸಾಕು.

ಬೀಳುವ ಜಾಗ

1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಎತ್ತರ ಜಿಗಿತದ ಅಡ್ಡಪಟ್ಟಿಯನ್ನು ಬೆನ್ನು ಕೆಳಗೆ ಮಾಡಿ ದಾಟಿ 2.24 ಮೀಟರಿಗೆ ಚಿನ್ನ ಗೆದ್ದರು. ಇಂದು ಜಗತ್ತಿನ ಎತ್ತರ ಜಿಗಿತದ ಪಟುಗಳೆಲ್ಲ ಹೆಚ್ಚುಕಡಿಮೆ ಆ ಕ್ರಮದಲ್ಲಿಯೇ ಹಾರುತ್ತಾರೆ. ಆ ಉಪಾಯ ಹಿಂದಿನವರಿಗೆ ಏಕೆ ಹೊಳೆಯಲಿಲ್ಲ? ಹೊಳೆದಿದ್ದರೂ ಮಾಡುವಂತಿರಲಿಲ್ಲ. ಆಗ ಬೀಳುತ್ತಿದ್ದದ್ದು ಮರಳಿನ ಮೇಲೆ, ಮರದ ಹೊಟ್ಟಿನ ಮೇಲೆ. ಬೆನ್ನು ಕೆಳಗಾಗಿ ಬಿದ್ದರೆ ಕತ್ತು ಮುರಿಯುವ ಅಪಾಯವಿತ್ತು. ಫೋಮಿನ ದಪ್ಪ ಹಾಸಿಗೆಗಳು ಬಂದ ಮೇಲೆಯೇ ಬೆನ್ನು ಕೊಟ್ಟು ಬೀಳುವ ಧೈರ್ಯ ಬಂದಿತು. ಹಾಸಿಗೆ ಯಾರನ್ನೂ ಎತ್ತಲಿಲ್ಲ; ಬಿದ್ದವರನ್ನು ಕಾಯಿತು.

ಇದು ಓದುವಾಗ ನಮಗೆ ನೆನಪಾದದ್ದು ನಮ್ಮ ಊರುಗಳ ಗರಡಿಮನೆ. ಮೈಸೂರಿನಲ್ಲಾಗಲಿ ಧಾರವಾಡದ ಸೀಮೆಯಲ್ಲಾಗಲಿ ಗರಡಿಯ ಮುಖ್ಯ ಸಲಕರಣೆ ಯಾವುದು? ಗದೆ, ಕರೇಲ, ಎತ್ತುವ ಕಲ್ಲು ಇದ್ದೇ ಇವೆ. ಆದರೆ ಉಸ್ತಾದರು ದಿನವೂ ನಿಗಾ ಇಟ್ಟು ನೋಡಿಕೊಳ್ಳುತ್ತಿದ್ದದ್ದು ಮಣ್ಣನ್ನು. ಸೋಸಿ, ಎಣ್ಣೆ ಅರಿಶಿನ ಬೆರೆಸಿ, ಗುದ್ದಲಿಯಿಂದ ಅಗೆದು ಅದನ್ನು ಮೆದುವಾಗಿಡುತ್ತಿದ್ದರು. ಬಸ್ಕಿ ಹೊಡೆದು ತೊಡೆ ಗಟ್ಟಿಮಾಡಿಕೊಳ್ಳುವುದು, ದಂಡೆ ಹೊಡೆದು ಭುಜ ಬೆಳೆಸುವುದು, ಆ ಮೆತ್ತನೆಯ ಮಣ್ಣಿನಲ್ಲಿ ಬೀಳಲು ಕಲಿಯುವುದು. ಯಂತ್ರವಿಲ್ಲದ ಆ ಪಾಠದ ಕ್ರಮ ಇಂದಿನ ತರಬೇತಿಯ ಕ್ರಮಕ್ಕೆ ದೂರವೇನಲ್ಲ: ಮೊದಲು ಬಲ, ಆಮೇಲೆ ಜಿಗಿತ, ಎರಡಕ್ಕೂ ಅಡಿಗೆ ಒಳ್ಳೆಯ ನೆಲ. ನಾವಾದರೋ ಬೆಳೆಯುವ ಮಕ್ಕಳನ್ನು ಬರೀ ಸಿಮೆಂಟಿನ ಮೇಲೆ, ಅದೂ ಕಾಲಿಗೆ ಕಲ್ಲು ಕಟ್ಟಿದ ಹಾಗೆ, ಕುಣಿಸಿದ್ದೆವು.

ಪೆಟ್ಟಿಗೆಯಿಂದ ಧುಮುಕುವ ವಿದ್ಯೆ

ಈಗ ಪಟ್ಟಿಯ ಅತಿ ಗಂಭೀರವಾದ ಬಾಬಿಗೆ ಬರುತ್ತೇವೆ. 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಯೂರಿ ವೆರ್ಖೋಶಾನ್ಸ್ಕಿ ಎಂಬ ತರಬೇತುದಾರರು ಟ್ರಿಪಲ್ ಜಂಪ್ ಪಟುಗಳನ್ನು ನೋಡುತ್ತ ಒಂದು ಸಂಗತಿ ಗುರುತಿಸಿದರು. ನೆಲಕ್ಕೆ ಬಡಿದು ಮತ್ತೆ ಮೇಲೇಳುವ ಕ್ಷಣದಲ್ಲಿ ಕಾಲು ತೋರುವ ಬಲ, ಸುಮ್ಮನೆ ಭಾರ ಎತ್ತುವಾಗಿನದಕ್ಕಿಂತ ಬೇರೆ ಜಾತಿಯದು. ಎಳೆದ ರಬ್ಬರು ಹಿಂದಕ್ಕೆ ಚಿಮ್ಮುವಂತೆ, ತಟ್ಟನೆ ಹಿಗ್ಗಿದ ಸ್ನಾಯು ಮತ್ತು ಸ್ನಾಯುರಜ್ಜು ಮರುಕ್ಷಣವೇ ಕುಗ್ಗಿದರೆ ಹೆಚ್ಚು ಬಲ ಹೊರಡುತ್ತದೆ. ಇದನ್ನು ಬೆಳೆಸಲು ಅವರು ಪೆಟ್ಟಿಗೆಯ ಮೇಲಿನಿಂದ ಕೆಳಕ್ಕಿಳಿದು, ನೆಲ ತಾಕಿದೊಡನೆ ಮೇಲಕ್ಕೆ ಜಿಗಿಯುವ ಅಭ್ಯಾಸ ರೂಪಿಸಿದರು. ಪೆಟ್ಟಿಗೆಯ ಎತ್ತರ 75 ಸೆಂಟಿಮೀಟರಿನಿಂದ 1.10 ಮೀಟರಿನವರೆಗೆ.

1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೊವ್ 100 ಮೀಟರನ್ನು 10.14 ಸೆಕೆಂಡಿನಲ್ಲಿಯೂ 200 ಮೀಟರನ್ನು 20.00 ಸೆಕೆಂಡಿನಲ್ಲಿಯೂ ಗೆದ್ದಾಗ, ಪಶ್ಚಿಮದವರ ಕಣ್ಣು ಸೋವಿಯತ್ ತರಬೇತಿಯ ಮೇಲೆ ಬಿದ್ದಿತು. ಅಮೆರಿಕದ ಫ್ರೆಡ್ ವಿಲ್ಟ್ 1975ರಲ್ಲಿ ಇಂಥ ವ್ಯಾಯಾಮಗಳಿಗೆ ಪ್ಲೈಯೊಮೆಟ್ರಿಕ್ಸ್ ಎಂಬ ಹೆಸರಿಟ್ಟರು. ಹೆಸರು ಸಿಕ್ಕಿದೊಡನೆ ವಿದ್ಯೆ ಅಂಗಡಿಗೆ ಬಂದಿತು. ಪೆಟ್ಟಿಗೆ ಎಲ್ಲರ ಕೈಗೂ ಸಿಕ್ಕಿತು. ಅದರ ಜೊತೆಗಿದ್ದ ಎಚ್ಚರಿಕೆ ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಯಿತು. ವೆರ್ಖೋಶಾನ್ಸ್ಕಿ ತಮ್ಮ ವಿಧಾನವನ್ನು ವರ್ಷಗಟ್ಟಲೆ ಬಲ ಗಳಿಸಿದ ಪಟುಗಳಿಗಾಗಿ, ಎಣಿಕೆಯ ಜಿಗಿತಗಳಿಗೆ ಮಿತಗೊಳಿಸಿ ಹೇಳಿದ್ದರು.

ಇಲ್ಲಿಯೂ ಲೆಕ್ಕ ನೋಡಬಹುದು. 40 ಸೆಂಟಿಮೀಟರ್ ಎತ್ತರದಿಂದ ಇಳಿದವನು ನೆಲ ತಾಕುವಾಗ ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿರುತ್ತಾನೆ. 75 ಸೆಂಟಿಮೀಟರಿನಿಂದಾದರೆ 3.8 ಮೀಟರ್, 1.10 ಮೀಟರಿನಿಂದ 4.6 ಮೀಟರ್. ಆ ವೇಗವನ್ನೆಲ್ಲ ಕಣ್ಣೆವೆ ಮುಚ್ಚುವಷ್ಟರಲ್ಲಿ ತಡೆಯಬೇಕಾದುದು ಮೊಣಕಾಲು ಮತ್ತು ಹಿಮ್ಮಡಿಯ ರಜ್ಜು.

ಬೆಳೆಯುವ ಮಕ್ಕಳಲ್ಲಿ ಆ ರಜ್ಜು ಅಂಟಿಕೊಂಡಿರುವ ಮೂಳೆಯ ತುದಿ ಇನ್ನೂ ಮೆದುವಾಗಿರುತ್ತದೆ. ಮತ್ತೆ ಮತ್ತೆ ಜಗ್ಗಿದರೆ ಅಲ್ಲಿ ನೋವು ಕಾಣಿಸಿಕೊಂಡು ಬುಗುಟು ಏಳುತ್ತದೆ. ಅಮೆರಿಕದ ರಾಬರ್ಟ್ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಕಾರ್ಲ್ ಶ್ಲಾಟರ್ ಎಂಬ ವೈದ್ಯರು ಒಬ್ಬರಿಗೊಬ್ಬರು ತಿಳಿಯದೆ 1903ರಲ್ಲಿಯೇ ಇದನ್ನು ವರ್ಣಿಸಿದ್ದರು. ಅಂದರೆ ನಾವು ಕಾಲುಪಟ್ಟಿ ಕೊಳ್ಳುವ ಕಾಲಕ್ಕೆ ಈ ಸಂಗತಿ ಪುಸ್ತಕಗಳಲ್ಲಿ ನೂರು ವರ್ಷಕ್ಕೂ ಹಳೆಯದಾಗಿತ್ತು. ಹೆಚ್ಚಿನ ಮಕ್ಕಳಲ್ಲಿ ಬೆಳವಣಿಗೆ ಮುಗಿದಂತೆ ಈ ನೋವು ತಾನಾಗಿ ಹೋಗುತ್ತದೆ. ನಮ್ಮ ಹುಡುಗನೂ ಎಂಟು ತಿಂಗಳ ನಂತರ ಮರಳಿ ಆಡತೊಡಗಿದ. ಆ ಎಂಟು ತಿಂಗಳು ಸಂಜೆ ಹೊತ್ತು ಅವನು ಅಂಗಳದ ಕಟ್ಟೆಯ ಮೇಲೆ ಕುಳಿತು ಉಳಿದವರ ಆಟ ನೋಡುತ್ತಿದ್ದುದನ್ನು ನಾವು ಮರೆತಿಲ್ಲ.

ಎಳೆಯುವ ಹಗ್ಗ, ತಡೆಯುವ ಮರಳು

ಪ್ಯಾರಾಚೂಟು ಓಟಗಾರನನ್ನು ಹಿಂದಕ್ಕೆ ಎಳೆಯುತ್ತದೆ, ರಬ್ಬರು ಹಗ್ಗ ಮುಂದಕ್ಕೆ. ಎರಡಕ್ಕೂ ಹಳೆಯ ಬಂಧುಗಳಿವೆ. ಆಸ್ಟ್ರೇಲಿಯದ ಪರ್ಸಿ ಸೆರುಟಿ ಎಂಬ ತರಬೇತುದಾರರು ಪೋರ್ಟ್‌ಸೀ ಕರಾವಳಿಯ ಮರಳು ದಿಬ್ಬಗಳ ಮೇಲೆ ಶಿಷ್ಯರನ್ನು ಏರಿಸುತ್ತಿದ್ದರು. ಅವರ ಶಿಷ್ಯ ಹರ್ಬ್ ಎಲಿಯಟ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 1500 ಮೀಟರನ್ನು 3 ನಿಮಿಷ 35.6 ಸೆಕೆಂಡಿನ ವಿಶ್ವದಾಖಲೆಯೊಡನೆ ಗೆದ್ದರು. ಮರಳು ಕಾಲಿಗೆ ಕೆಲಸ ಕೊಡುತ್ತದೆ, ಆದರೆ ಕೀಲಿಗೆ ಪೆಟ್ಟು ಕೊಡುವುದಿಲ್ಲ. ಸಮುದ್ರದ ದಂಡೆಯಿರುವ ಊರಿನಲ್ಲಿ ಅದಕ್ಕೆ ಕಾಸೂ ಬೇಕಿಲ್ಲ.

ಮುಂದಕ್ಕೆ ಎಳೆಸಿಕೊಂಡು ಓಡುವುದರ ಉದಾಹರಣೆ ನಮ್ಮ ಕರಾವಳಿಯ ಕಂಬಳ. 2020ರಲ್ಲಿ ಕೆಸರುಗದ್ದೆಯಲ್ಲಿ ಕೋಣಗಳ ಜೊತೆ ಓಡಿದ ಶ್ರೀನಿವಾಸ ಗೌಡರ ಕಾಲವನ್ನು ಒಲಿಂಪಿಕ್ಸಿನ ವೇಗಿಗಳೊಡನೆ ಹೋಲಿಸಿ ದೇಶವೆಲ್ಲ ಮಾತಾಡಿತು. ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆಯಿತು. ಕಂಬಳದ ಓಟವೂ ಟ್ರ್ಯಾಕಿನ ಓಟವೂ ಬೇರೆ ಬೇರೆ ಎಂದು ಅವರು ವಿನಯದಿಂದ ಹಿಂದೆ ಸರಿದರು. ನಮಗೆ ಆ ಮಾತಿನಲ್ಲಿ ಬಹಳ ವಿವೇಕ ಕಂಡಿತು. ಎಳೆಯುವ ಬಲ ಮುಂದಿರುವಾಗ ಬರುವ ವೇಗ ಪೂರ್ತಿ ನಮ್ಮದಲ್ಲ. ಎಳೆತ ಮಿತಿ ಮೀರಿದರೆ ಹೆಜ್ಜೆ ದೇಹಕ್ಕಿಂತ ಮುಂದೆ ಬಿದ್ದು ಓಟಕ್ಕೆ ತಾನೇ ತಡೆಯಾಗುತ್ತದೆ. ಕಂಬಳದ ಓಟಗಾರನಿಗೆ ಆ ಎಳೆತ ಅರಗಲು ವರ್ಷಗಳ ಪಳಗುವಿಕೆ ಇದೆ, ಅಡಿಗೆ ಕೆಸರಿದೆ. ನಮ್ಮ ಮಕ್ಕಳಿಗೆ ಎರಡೂ ಇಲ್ಲ.

ಬೂಟಿನ ಮಹಿಮೆ

ಕೊನೆಯದಾಗಿ ಬೂಟು. ರಬ್ಬರು ಅಟ್ಟೆಯ ಕ್ಯಾನ್ವಾಸ್ ಬೂಟು ಬ್ಯಾಸ್ಕೆಟ್‌ಬಾಲಿನ ಜೊತೆಜೊತೆಗೇ ಬೆಳೆಯಿತು. 1917ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಾನ್ವರ್ಸ್ ಆಲ್ ಸ್ಟಾರ್ ಹಲವು ದಶಕಗಳ ಕಾಲ ಅಂಗಳವನ್ನು ಆಳಿತು. ಅದರ ಕೆಲಸ ನೆಲ ಹಿಡಿಯುವುದು, ಪಾದ ಕಾಯುವುದು.

ಜಿಗಿತವನ್ನೇ ಹೆಚ್ಚಿಸುವ ಬೂಟುಗಳ ಮಾತು ಬಂದದ್ದು ಆಮೇಲೆ. ಮುಂಗಾಲಿನ ಅಡಿಯಲ್ಲಿ ಮಾತ್ರ ದಪ್ಪ ದಿಮ್ಮಿಯಿದ್ದು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿದ ಬೂಟುಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಬಹಳ ಜಾಹೀರಾತಾದವು. 1993ರಲ್ಲಿ ಅಮೆರಿಕದ ಕ್ರೀಡಾವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಅವನ್ನು ಸಾಮಾನ್ಯ ಬೂಟುಗಳೊಡನೆ ಹೋಲಿಸಿ ನೋಡಿತು. ಬಲದಲ್ಲಾಗಲಿ ಕೀಲಿನ ಬಾಗುವಿಕೆಯಲ್ಲಾಗಲಿ ಹೆಚ್ಚಿನ ಲಾಭ ಕಾಣಲಿಲ್ಲ. ತೊಟ್ಟವರಲ್ಲಿ ಕೆಲವರಿಗೆ ಮುಂಗಣಕಾಲಿನಲ್ಲಿ ನೋವು ಬಂದಿತು. 2010ರಲ್ಲಿ ಇನ್ನೊಂದು ವಿನೋದ ನಡೆಯಿತು. ಒಳಗೆ ಸ್ಪ್ರಿಂಗಿನಂಥ ರಚನೆಯಿದ್ದ ಎ.ಪಿ.ಎಲ್. ಕಂಪೆನಿಯ ಬೂಟನ್ನು ಅಮೆರಿಕದ ಎನ್.ಬಿ.ಎ. ತನ್ನ ಪಂದ್ಯಗಳಿಂದ ನಿಷೇಧಿಸಿತು. ಆ ನಿಷೇಧವೇ ಅದಕ್ಕೆ ದೊಡ್ಡ ಜಾಹೀರಾತಾಗಿ ಬೂಟು ಬಿಸಿದೋಸೆಯಂತೆ ಖರ್ಚಾಯಿತು!

ನಮ್ಮ ಷರಾ

ಕಡತವನ್ನು ಮುಚ್ಚುವ ಮುನ್ನ ಅದರ ಸಾರವನ್ನು ಹೀಗೆ ಬರೆದುಕೊಂಡೆವು. ಕಾಲದ ಪರೀಕ್ಷೆಯಲ್ಲಿ ಉಳಿದ ಸಲಕರಣೆಗಳು ಮೂರು ಕೆಲಸಗಳಲ್ಲಿ ಒಂದನ್ನಾದರೂ ಮಾಡಿವೆ: ಅಳೆದಿವೆ, ಆನಿಕೆ ಕೊಟ್ಟಿವೆ, ಇಲ್ಲವೆ ಬಿದ್ದವರನ್ನು ಕಾಯ್ದಿವೆ. ನಾಲ್ಕನೆಯ ಜಾತಿಯದು ವೆರ್ಖೋಶಾನ್ಸ್ಕಿಯವರ ಪೆಟ್ಟಿಗೆ. ಅದು ನಿಜವಾಗಿಯೂ ಬಲ ಬೆಳೆಸುತ್ತದೆ, ಆದರೆ ಬಲ್ಲ ಗುರುವಿಲ್ಲದೆ ಮುಟ್ಟತಕ್ಕದ್ದಲ್ಲ. ಕಟ್ಟಿಕೊಂಡರೆ ಸಾಕು, ಜಿಗಿತ ತಾನಾಗಿ ಬರುತ್ತದೆಂದು ಹೇಳಿದ ಯಾವುದೂ ಆ ಮಾತನ್ನು ಉಳಿಸಿಕೊಂಡದ್ದು ನಮಗೆ ಕಾಣಲಿಲ್ಲ.

ಅದರಂತೆ ಉಪಸಮಿತಿ ಕೈಗೊಂಡ ತೀರ್ಮಾನ ಇದು. ಕಾಲುಪಟ್ಟಿ, ದಿಮ್ಮಿಬೂಟು, ಪ್ಯಾರಾಚೂಟು, ಎಳೆಯುವ ಹಗ್ಗ ಬೇಡ. ಅಂಗಳದ ಒಂದು ಮೂಲೆಗೆ ರಬ್ಬರಿನ ಹಾಸು ಹಾಕಿಸಬೇಕು. ಜಿಗಿತದ ಅಭ್ಯಾಸವೆಲ್ಲ ಅದರ ಮೇಲೆಯೇ. ಹತ್ತು ಸ್ಕಿಪ್ಪಿಂಗ್ ಹಗ್ಗ, ಒಂದು ಡಜನ್ ಪ್ಲಾಸ್ಟಿಕ್ ಗುರುತು, ಒಂದು ನಿಲುಗಡಿಯಾರ ಕೊಳ್ಳಬೇಕು. ಗಟ್ಟಿಮುಟ್ಟಾದ ಎರಡು ಪೆಟ್ಟಿಗೆಗಳನ್ನು 30 ಸೆಂಟಿಮೀಟರ್ ಮೀರದಂತೆ ಬಡಗಿಯಿಂದ ಮಾಡಿಸಬೇಕು. ಅವು ಮೇಲಕ್ಕೆ ಹಾರಿ ನಿಲ್ಲುವುದಕ್ಕೆ ಮಾತ್ರ; ಇಳಿಯುವಾಗ ಒಂದೊಂದೇ ಕಾಲಿಟ್ಟು ಇಳಿಯತಕ್ಕದ್ದು. ಬೂಟು ಇಲ್ಲದ ಮಕ್ಕಳಿಗೆ ಸಾದಾ, ಜಾರದ ಬೂಟು ಕೊಡಿಸಬೇಕು. ಗೋಡೆ ನಮ್ಮದೇ ಇದೆ, ಸೀಮೆಸುಣ್ಣ ಕನ್ನಡ ತರಗತಿಯಿಂದ ತಂದರಾಯಿತು.

ಇಷ್ಟಕ್ಕೆ ನಿಧಿಯ ಅರ್ಧ ಸಾಕಾಗುತ್ತದೆ. ಉಳಿದರ್ಧದಲ್ಲಿ ವಾರಕ್ಕೆರಡು ದಿನ ಬರುವ ಅರ್ಹ ತರಬೇತುದಾರರೊಬ್ಬರಿಗೆ ಸಂಭಾವನೆ ಕೊಡಲಾಗುವುದು. ಮೊಣಕಾಲು ನೋವೆಂದು ಮಗು ಹೇಳಿದ ದಿನವೇ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸುವುದು ಕಡ್ಡಾಯ. ಈ ನಿಯಮವನ್ನು ಅಂಗಳದ ಬಾಗಿಲಿನಲ್ಲಿ ಬರೆಸಿದ್ದೇವೆ.

ತರುಣರಿಗೆ ಮೊದಲು ಸ್ವಲ್ಪ ನಿರಾಸೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಪ್ಯಾರಾಚೂಟಿನ ಮೇಲೆ ಅವರಿಗೆ ಬಹಳ ಮನಸ್ಸಿತ್ತು. ಆದರೆ ಕಳೆದ ಭಾನುವಾರ ಗೋಡೆಯ ಮೇಲೆ ಮೊದಲ ಗುರುತುಗಳನ್ನು ಹಾಕಿದಾಗ, ಯಾರ ಗೆರೆ ಎಲ್ಲಿದೆ ಎಂದು ನೋಡಲು ನೂಕುನುಗ್ಗಲಾಯಿತು. ಹೆಸರು, ತಾರೀಖು ಬರೆಯುತ್ತ ಏಣಿಯ ಮೇಲೆ ನಿಂತಿದ್ದವನು ಆರು ವರ್ಷಗಳ ಹಿಂದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ ಅದೇ ಹುಡುಗ. ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ಅವನ ತಾಯಿಯೂ ಬಂದಿದ್ದರು. ಹೊಸ ಪೆಟ್ಟಿಗೆಯನ್ನು ಕೈಯಿಂದ ಒತ್ತಿ ಅಲುಗಾಡಿಸಿ ನೋಡಿ, “ಇದು ಅಲ್ಲಾಡೋದಿಲ್ಲ ತಾನೆ?” ಎಂದು ಕೇಳಿದರು. ಅಲುಗಾಡುವುದಿಲ್ಲವೆಂದು ಹೇಳಿದೆವು, ಆದರೂ ಬಡಗಿಯನ್ನು ಕರೆಸಿ ಇನ್ನೆರಡು ಅಡ್ಡಪಟ್ಟಿ ಹೊಡೆಸಿದೆವು.

ಮುಂದಿನ ಅಳತೆ ಮೂರು ತಿಂಗಳ ನಂತರ. ಆಗ ಗೆರೆಗಳು ಎಷ್ಟು ಮೇಲೇರಿವೆ, ಏರಿಲ್ಲ ಎಂಬುದನ್ನು ಇದೇ ಪತ್ರಿಕೆಯಲ್ಲಿ ಇದ್ದದ್ದು ಇದ್ದ ಹಾಗೆ ವರದಿ ಮಾಡುತ್ತೇವೆ. ಪೋಷಕರು ಭಾನುವಾರ ಬೆಳಗ್ಗೆ ಮಕ್ಕಳನ್ನು ಕರೆತಂದು, ಸ್ವಲ್ಪ ಹೊತ್ತು ತಾವೂ ನಿಂತು ನೋಡಬೇಕೆಂದು ವಿನಂತಿ.